ಒಂದು ಅಗುಳು ಸಾಲದು

ಕಾರು ಗೋಡೆಗೆ ಗುದ್ದಿದರೆ ಏನಾಗುತ್ತದೆಂದು ನೋಡಲು ಪ್ರತಿ ಸಲವೂ ನಿಜವಾದ ಕಾರನ್ನೇ ನುಜ್ಜುಗುಜ್ಜು ಮಾಡಬೇಕಿಲ್ಲ, ಕಂಪ್ಯೂಟರಿನೊಳಗೇ ಗುದ್ದಿಸಬಹುದು. ಆದರೆ ಅದೂ ಅಗ್ಗವಲ್ಲ. 2000ದ ಆಸುಪಾಸಿನಲ್ಲಿ ಫೋರ್ಡ್ ಕಂಪನಿಯಲ್ಲಿ ಇಂಥ ಒಂದೇ ಲೆಕ್ಕಕ್ಕೆ 36ರಿಂದ 160 ಗಂಟೆ ಹಿಡಿಯುತ್ತಿತ್ತು. ತಗಡಿನ ದಪ್ಪದಂಥ ಹತ್ತು ಅಂಶಗಳಿಗೆ ಮೂರು ಮೂರು ಅಳತೆ ಇಟ್ಟು ಎಲ್ಲ ಜೋಡಣೆಗಳನ್ನೂ ನೋಡಹೊರಟರೆ 59,049 ಲೆಕ್ಕಗಳಾಗುತ್ತವೆ. ಒಂದಕ್ಕೆ 36 ಗಂಟೆಯಂತೆ ಒಂದಾದ ಮೇಲೊಂದು ಮುಗಿಸಲು 240 ವರ್ಷ ಮೀರುತ್ತದೆ. ಅಷ್ಟರಲ್ಲಿ ಆ ಕಾರು ಯಾರಿಗೆ ಬೇಕು?

ಹಾಗಾಗಿ ಎಂಜಿನಿಯರುಗಳು ಆಯ್ದ ಕೆಲವೇ ಲೆಕ್ಕ ಮಾಡಿ, ಆ ಉತ್ತರಗಳಿಗೆ ಹೊಂದುವ ಸರಳ ಸೂತ್ರವೊಂದನ್ನು ಕಟ್ಟುತ್ತಾರೆ. ಇದೇ ಸರೊಗೇಟ್ ಮಾಡೆಲ್, ಬದಲಿ ಮಾದರಿ. ಉಕ್ಕು ಹೇಗೆ ಮಡಚಿಕೊಳ್ಳುತ್ತದೆ ಎಂಬುದು ಇದಕ್ಕೆ ತಿಳಿಯದು. ಇಷ್ಟು ದಪ್ಪಕ್ಕೆ ಇಷ್ಟು ಜಖಂ ಎಂದು ಕ್ಷಣದಲ್ಲಿ ಊಹಿಸುತ್ತದೆ, ಅಷ್ಟೇ.

ಈ ಊಹೆಯನ್ನು ಎಷ್ಟು ನಂಬಬೇಕು? ದಕ್ಷಿಣ ಆಫ್ರಿಕದ ವಿಟ್‌ವಾಟರ್ಸ್‌ರಾಂಡ್ ಚಿನ್ನದ ಗಣಿಗಳಲ್ಲಿ ಡ್ಯಾನಿ ಕ್ರಿಗೆ ಎಂಬ ಎಂಜಿನಿಯರು ಇಂಥದೇ ಪ್ರಶ್ನೆ ಹಿಡಿದು ಕೂತಿದ್ದ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕು. ಅದಿರು ಹಾಗೆ ಒಂದೇ ಹದದಲ್ಲಿರುವುದಿಲ್ಲ. ಮಾದರಿ ಚೂರುಗಳಲ್ಲಿ ತುಂಬ ಚಿನ್ನ ಕಂಡ ಭಾಗವನ್ನು ಅಗೆದಾಗ ಸಾಮಾನ್ಯವಾಗಿ ಅಂದಾಜಿಗಿಂತ ಕಡಿಮೆಯೇ ಸಿಗುತ್ತಿತ್ತು. ಬಡವೆನಿಸಿದ ಭಾಗದಲ್ಲಿ ಹೆಚ್ಚು. ಈ ತಪ್ಪನ್ನು ತಿದ್ದುವ ಬಗೆಯನ್ನು ಆತ 1951ರಲ್ಲಿ ಬರೆದ. ಫ್ರಾನ್ಸಿನ ಜಾರ್ಜ್ ಮಾಥೆರಾನ್ ಅದಕ್ಕೆ ಗಣಿತದ ಬುನಾದಿ ಹಾಕಿ, ಕ್ರಿಗೆಯ ಹೆಸರನ್ನೇ ಇಟ್ಟ: ಕ್ರಿಗಿಂಗ್.

ಕಾರಿನ ಲೆಕ್ಕಗಳಿಗೆ ಬದಲಿ ಮಾದರಿಯಾಗಿ ಬಳಸಿದಾಗಲೂ ಕ್ರಿಗಿಂಗ್ ಉತ್ತರದ ಜೊತೆಗೆ ತನ್ನ ಅನುಮಾನ ಎಷ್ಟೆಂದೂ ಹೇಳುತ್ತದೆ. ಲೆಕ್ಕ ಮಾಡಿದ ಬಿಂದುವಿನ ಹತ್ತಿರ ಅನುಮಾನ ಕಡಿಮೆ, ದೂರ ಹೋದಂತೆ ಜಾಸ್ತಿ. ನನ್ನ ಮಟ್ಟಿಗೆ ಇದರ ಬೆಲೆಯೆಲ್ಲ ಇರುವುದು ಈ ಎರಡನೆಯ ಸಂಖ್ಯೆಯಲ್ಲೇ. ಏಕೆಂದರೆ ‘ಅತ್ಯುತ್ತಮ ವಿನ್ಯಾಸ ಹುಡುಕು’ ಎಂದರೆ ಕಂಪ್ಯೂಟರು, ಸೂತ್ರ ಎಲ್ಲಿ ಸುಳ್ಳು ಹೇಳುತ್ತಿದೆಯೋ ಅಲ್ಲಿಗೇ ಹೋಗಿ ಬೀಳಬಹುದು. ಕ್ರಿಗೆ ಕಂಡ ಹುಸಿ ಶ್ರೀಮಂತಿಕೆಯೇ ಇದು!

1998ರಲ್ಲಿ ಜನರಲ್ ಮೋಟಾರ್ಸ್‌ನ ಡೊನಾಲ್ಡ್ ಜೋನ್ಸ್ ಮತ್ತು ಇಬ್ಬರು ಸಂಗಡಿಗರು ಪ್ರಕಟಿಸಿದ ಉಪಾಯ ಅನುಮಾನವನ್ನೇ ದಾರಿದೀಪ ಮಾಡಿಕೊಂಡಿತು. ಊಹೆ ಚೆನ್ನಾಗಿರುವ ಜಾಗ, ಏನಿದೆಯೋ ತಿಳಿಯದ ಜಾಗ, ಎರಡನ್ನೂ ತೂಗಿ ಮುಂದಿನ ದುಬಾರಿ ಲೆಕ್ಕವನ್ನು ಎಲ್ಲಿ ಮಾಡಬೇಕೆಂದು ಅದು ನಿರ್ಧರಿಸುತ್ತದೆ. ಬಂದ ಉತ್ತರ ಸೇರಿಸಿ ಸೂತ್ರವನ್ನು ತಿದ್ದಿ, ಮತ್ತೆ ಹುಡುಕುತ್ತದೆ. ಅಂಶಗಳು ಹತ್ತಿದ್ದಾಗ ಇದು ಸಲೀಸು. ನೂರಾದರೆ ಮಾದರಿ ಬಿಂದುಗಳ ನಡುವೆ ಬಯಲೇ ಬಯಲು. ಕ್ರಿಗಿಂಗ್ ಬಹುಪಾಲು ಕಡೆ ‘ಗೊತ್ತಿಲ್ಲ’ ಎಂದೇ ಹೇಳುತ್ತದೆ.