ಒಂದೇ ಕಷಾಯ, ಹಲವು ಹೆಸರು

ಈಚಿನ ಕಾಫಿಗೃಹವೊಂದನ್ನು ಹೊಕ್ಕು, ಗೋಡೆಯ ಮೇಲಿನ ಪಟ್ಟಿಯನ್ನು ಓದಿದವರಿಗೆ ಗೊಂದಲವಾಗುವುದು ಸಹಜ. ಎಸ್ಪ್ರೆಸೊ, ಅಮೆರಿಕಾನೊ, ಮಕಿಯಾಟೊ, ಕ್ಯಾಪುಚಿನೊ, ಲಾಟೆ: ಹೆಸರುಗಳೂ ಬೇರೆ, ಬೆಲೆಗಳೂ ಬೇರೆ. ಇವು ಬೇರೆ ಬೇರೆ ಬೀಜಗಳಿಂದಾದವೆಂದು ಭಾವಿಸುವವರೂ ಉಂಟು. ವಾಸ್ತವವಾಗಿ ಈ ಐದಕ್ಕೂ ಮೂಲ ಎಸ್ಪ್ರೆಸೊ ಎಂಬ ಒಂದೇ ಕಷಾಯ. ಅದು ಆಗುವ ಬಗೆಯನ್ನು ತಿಳಿದರೆ ಉಳಿದುದೆಲ್ಲ ಹಾಲು ನೀರುಗಳ ಲೆಕ್ಕ.

ನಮ್ಮ ಮನೆಯ ಫಿಲ್ಟರಿನಿಂದಲೇ ಆರಂಭಿಸೋಣ. ರಂಧ್ರಗಳುಳ್ಳ ಮೇಲಿನ ಪಾತ್ರೆಯಲ್ಲಿ ಪುಡಿ. ಅದರ ಮೇಲೆ ಕುದಿನೀರು. ನೀರನ್ನು ಕೆಳಕ್ಕೆ ಎಳೆಯುವುದು ಭೂಮಿಯ ಗುರುತ್ವಾಕರ್ಷಣೆಯೊಂದೇ. ಆದುದರಿಂದ ಡಿಕಾಕ್ಷನ್ ತೊಟ್ಟುತೊಟ್ಟಾಗಿ ಇಳಿಯಲು ಕಾಲು ಗಂಟೆಯೋ ಇನ್ನೂ ಹೆಚ್ಚೋ ಬೇಕು. ಪುಡಿಯ ಕಣ ಸಣ್ಣದಾದಷ್ಟೂ ನೀರು ಸೋಕುವ ಮೇಲ್ಮೈ ಹೆಚ್ಚುತ್ತದೆ, ಸಾರ ಬೇಗ ಬಿಡುತ್ತದೆ. ಆದರೆ ಕಣಗಳ ನಡುವಣ ದಾರಿಯೂ ಕಿರಿದಾಗಿ ನೀರು ಇಳಿಯದೆ ನಿಂತುಬಿಡುತ್ತದೆ. ಈ ತೊಡಕನ್ನು ಬಿಡಿಸುವ ಒಂದು ಉಪಾಯ ಒತ್ತಡ.

1901ರಲ್ಲಿ ಇಟಲಿಯ ಮಿಲಾನ್ ನಗರದ ಲುಯಿಜಿ ಬೆತ್ಸೆರಾ ಒಂದು ಯಂತ್ರಕ್ಕೆ ಪೇಟೆಂಟ್ ಪಡೆದನು. ಅದರಲ್ಲಿ ಮುಚ್ಚಿದ ಹಂಡೆಯ ಹಬೆಯೇ ಬಿಸಿನೀರನ್ನು ಪುಡಿಯ ಮೂಲಕ ತಳ್ಳುತ್ತಿತ್ತು. ಆದರೆ ಅದಕ್ಕೊಂದು ಮಿತಿಯಿತ್ತು. ಅಡಿಗೆಮನೆಯ ಪ್ರೆಷರ್ ಕುಕ್ಕರನ್ನು ಬಲ್ಲವರು ಇದನ್ನು ಊಹಿಸಬಹುದು: ಹಬೆಯ ಒತ್ತಡ ಏರಬೇಕಾದರೆ ನೀರಿನ ಉಷ್ಣತೆಯೂ ಏರಲೇಬೇಕು. ಅತಿಯಾಗಿ ಕಾದ ನೀರು ಪುಡಿಯಿಂದ ಕಹಿಯನ್ನೆಲ್ಲ ಸೆಳೆದು ತರುತ್ತದೆ. ಅಕಿಲ್ಲೆ ಗಾಜ್ಜಾ ಎಂಬಾತನು ಎರಡನೆಯ ಮಹಾಯುದ್ಧದ ತರುವಾಯ ಬಳಕೆಗೆ ತಂದ ಯಂತ್ರ ಈ ಗಂಟನ್ನು ಬಿಡಿಸಿತು. ಕಾಯಿಸುವ ಕೆಲಸ ಹಂಡೆಗೆ, ತಳ್ಳುವ ಕೆಲಸ ಸ್ಪ್ರಿಂಗಿನಿಂದ ಚಲಿಸುವ ಕೊಂತಕ್ಕೆ! ಈಗ ಬಹುಮಟ್ಟಿಗೆ ಆ ಕೆಲಸವನ್ನು ವಿದ್ಯುತ್ ಪಂಪು ಮಾಡುತ್ತದೆ. ಇಟಲಿಯ ಪದ್ಧತಿಯಂತೆ ಸುಮಾರು 7 ಗ್ರಾಂ ನುಣ್ಣನೆಯ ಪುಡಿಯನ್ನು ಒತ್ತಿ ಬಿಗಿದು, ಕುದಿಬಿಂದುವಿಗಿಂತ ತುಸು ಕಡಮೆ ಬಿಸಿಯ ನೀರನ್ನು ವಾಯುಮಂಡಲದ ಒತ್ತಡದ ಸುಮಾರು 9 ಪಟ್ಟು ಒತ್ತಡದಲ್ಲಿ ಹಾಯಿಸುತ್ತಾರೆ. ಸುಮಾರು 25 ಸೆಕೆಂಡುಗಳಲ್ಲಿ 25 ಮಿಲಿಲೀಟರ್ ಕಷಾಯ ಸಿದ್ಧ.

ಅದರ ಮೇಲೆ ಹೊಂಬಣ್ಣದ ನೊರೆಯೊಂದು ನಿಂತಿರುತ್ತದೆ. ಹುರಿದ ಬೀಜದಲ್ಲಿ ಸೆರೆಯಾಗಿದ್ದ ಕಾರ್ಬನ್ ಡೈಆಕ್ಸೈಡ್ ಒತ್ತಡದಲ್ಲಿ ನೀರಿನೊಳಗೆ ಕರಗಿ, ಬಟ್ಟಲಿಗೆ ಬಿದ್ದೊಡನೆ ಗುಳ್ಳೆಗಳಾಗಿ ಹೊರಬರುವುದೇ ಇದಕ್ಕೆ ಕಾರಣ. ಸೋಡಾ ಬುಡ್ಡಿಯನ್ನು ತೆರೆದಾಗ ಆಗುವುದೂ ಇದೇ. ಬೀಜ ಹುರಿದು ಬಹುಕಾಲವಾಗಿದ್ದರೆ ಅನಿಲ ತಪ್ಪಿಸಿಕೊಂಡಿರುತ್ತದೆ, ನೊರೆಯೂ ತೆಳುವಾಗುತ್ತದೆ.

ಇನ್ನು ಹೆಸರುಗಳು. ಎಸ್ಪ್ರೆಸೊಗೆ ಬಿಸಿನೀರು ಬೆರೆತರೆ ಅಮೆರಿಕಾನೊ. ಒಂದಿಷ್ಟು ಹಾಲಿನ ನೊರೆಯ ಕಲೆ ಬಿದ್ದರೆ ಮಕಿಯಾಟೊ; ಆ ಪದದ ಅರ್ಥವೇ 'ಕಲೆಯುಳ್ಳದ್ದು'. ಹಾಲೂ ದಪ್ಪ ನೊರೆಯೂ ಸೇರಿದರೆ ಕ್ಯಾಪುಚಿನೊ. ಕಪುಚಿನ್ ಪಂಥದ ಕ್ರೈಸ್ತ ಸಂನ್ಯಾಸಿಗಳ ಕಂದು ನಿಲುವಂಗಿಯಿಂದ ಈ ಹೆಸರು ಬಂದಿತು. ಹಾಲು ಇನ್ನೂ ಹೆಚ್ಚಿ ನೊರೆ ತೆಳುವಾದರೆ ಲಾಟೆ. ಇಟಲಿಯಲ್ಲಿ ಬರಿಯ 'ಲಾಟೆ' ಎಂದು ಕೇಳಿದವನಿಗೆ ಒಂದು ಲೋಟ ಹಾಲು ಮಾತ್ರ ದೊರೆತೀತು, ಏಕೆಂದರೆ ಆ ಮಾತಿಗೆ ಹಾಲೆಂದೇ ಅರ್ಥ.

ಹಾಲನ್ನು ಕಾಯಿಸುವ ರೀತಿಯೂ ಗಮನಾರ್ಹ. ಅದನ್ನು ಒಲೆಯ ಮೇಲಿಡದೆ, ಸಣ್ಣ ಕೊಳವೆಯಿಂದ ಹಬೆಯನ್ನು ಹಾಲಿನೊಳಕ್ಕೇ ಊದುತ್ತಾರೆ. ಒಂದು ಗ್ರಾಂ ಹಬೆ ನೀರಾಗುವಾಗ ಸುಮಾರು 540 ಕ್ಯಾಲೊರಿ ಗುಪ್ತೋಷ್ಣವನ್ನು ಬಿಟ್ಟುಕೊಡುತ್ತದೆ. ಆದ್ದರಿಂದ 150 ಗ್ರಾಂ ತಣ್ಣನೆಯ ಹಾಲು 5 ಡಿಗ್ರಿಯಿಂದ 65 ಡಿಗ್ರಿ ಸೆಂಟಿಗ್ರೇಡಿಗೆ ಏರಲು ಸುಮಾರು 15 ಗ್ರಾಂ ಹಬೆ ಸಾಕು. ಅಷ್ಟೂ ನೀರಾಗಿ ಹಾಲಿನಲ್ಲಿಯೇ ಸೇರುತ್ತದೆಂಬುದನ್ನು ಗಿರಾಕಿ ಅರಿಯನು! ಹಬೆಯ ರಭಸಕ್ಕೆ ಒಳನುಗ್ಗಿದ ಗಾಳಿಯ ಗುಳ್ಳೆಗಳನ್ನು ಹಾಲಿನ ಪ್ರೋಟೀನುಗಳು ತೆಳುವಾದ ಪೊರೆಯಾಗಿ ಸುತ್ತುವರಿದು ಒಡೆಯದಂತೆ ಕಾಯುತ್ತವೆ. ನಮ್ಮ ಹೋಟೆಲಿನ ಮಾಣಿ ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ದು ನೊರೆ ಬರಿಸುವಾಗ ಗಾಳಿಯನ್ನು ಒಳಸೇರಿಸುವುದೂ ಇದೇ ಉದ್ದೇಶಕ್ಕೆ. ಅವನಿಗೆ ಯಂತ್ರ ಬೇಡ, ಕೈಚಳಕ ಸಾಕು.

ವಿದ್ಯಾರ್ಥಿಗಳು ಕೇಳಬಹುದಾದ ಪ್ರಶ್ನೆಯೊಂದಿದೆ: ಇವುಗಳಲ್ಲಿ ನಿದ್ರೆಯನ್ನು ಹೆಚ್ಚು ಕೆಡಿಸುವುದು ಯಾವುದು? ಗಟ್ಟಿಯಾದ ಎಸ್ಪ್ರೆಸೊವೇ ಎಂದು ಬಹುಮಂದಿ ಹೇಳುವರು. ಹನಿಗೆ ಹನಿ ಹೋಲಿಸಿದರೆ ಅದು ನಿಜ. ಆದರೆ ನಾವು ಕುಡಿಯುವುದು ಬಟ್ಟಲಿನ ಲೆಕ್ಕದಲ್ಲಿ. ಒಂದು ಎಸ್ಪ್ರೆಸೊದಲ್ಲಿ ಸುಮಾರು 60 ಮಿಲಿಗ್ರಾಂ ಕೆಫೀನ್ ಇದ್ದರೆ, ಪಾಶ್ಚಾತ್ಯರು ಕಾಗದದಲ್ಲಿ ಸೋಸಿ ಕುಡಿಯುವ 240 ಮಿಲಿಲೀಟರಿನ ತೆಳು ಕಾಫಿಯಲ್ಲಿ ಸುಮಾರು 95 ಮಿಲಿಗ್ರಾಂ ಇರುತ್ತದೆ. ನಮ್ಮ ಪುಡಿಗೆ ಚಿಕೋರಿ ಬೆರೆಸಿದಷ್ಟೂ ಕೆಫೀನ್ ತಗ್ಗುತ್ತದೆ, ಚಿಕೋರಿಯಲ್ಲಿ ಅದು ಇಲ್ಲವೇ ಇಲ್ಲ. ಇತ್ತ ಲಾಟೆಯ ಹಾಲು ಕಹಿಯನ್ನು ಮರೆಸುತ್ತದೆ. ಒಳಗಿನ ಎಸ್ಪ್ರೆಸೊದ ಕೆಫೀನ್ ಹಾಗೆಯೇ ಉಳಿಯುತ್ತದೆ. ಸಾಮಾನ್ಯ ವಯಸ್ಕನ ದೇಹದಲ್ಲಿ ಅದು ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು. ಪರೀಕ್ಷೆಯ ಹಿಂದಿನ ರಾತ್ರಿ 9 ಗಂಟೆಗೆ ಕುಡಿದ ಬಟ್ಟಲಿನ ಅರ್ಧಭಾಗ 2 ಗಂಟೆಗೂ ರಕ್ತದಲ್ಲಿ ಸುತ್ತುತ್ತಿರುತ್ತದೆ.