ಬಿಸಿನೀರಿನ ತೊಟ್ಟಿ ಮತ್ತು ಮಕ್ಕಳ ಕ್ಷೇಮ

ನಾವು ಬಚ್ಚಲುಮನೆಯ ಹಂಡೆಯಿಂದ ಬಿಸಿನೀರನ್ನು ತೋಡಿ ಮೈಮೇಲೆ ಹೊಯ್ದುಕೊಳ್ಳುತ್ತೇವೆ. ಅಮೆರಿಕದ ಅನೇಕ ಮನೆಗಳ ಹಿತ್ತಿಲಿನಲ್ಲಿ ‘ಹಾಟ್ ಟಬ್’ ಎಂಬ ದೊಡ್ಡ ತೊಟ್ಟಿ ಇರುತ್ತದೆ. ಅದರಲ್ಲಿ ನಾಲ್ಕಾರು ಮಂದಿ ಎದೆಮಟ್ಟದ ಬಿಸಿನೀರಿನಲ್ಲಿ ಕುಳಿತು ಆಯಾಸವನ್ನು ಕಳೆಯುತ್ತಾರೆ. ಪಂಪೊಂದು ತೊಟ್ಟಿಯ ಕಂಡಿಯ ಮೂಲಕ ನೀರನ್ನು ಹೀರಿ, ಶೋಧಿಸಿ, ಕಾಯಿಸಿ, ಗೋಡೆಯ ರಂಧ್ರಗಳಿಂದ ಮತ್ತೆ ಚಿಮ್ಮಿಸುತ್ತದೆ. ದೊಡ್ಡವರಿಗೆ ಸುಖಕರವಾದ ಇದೇ ನೀರು ಮಕ್ಕಳ ಪ್ರಾಣಕ್ಕೆ ಎರವಾಗಬಲ್ಲದು. ಏಕೆಂಬುದನ್ನು ಭೌತಶಾಸ್ತ್ರದ ಸರಳ ನಿಯಮಗಳಿಂದಲೇ ತಿಳಿಯಬಹುದು.

ಮೊದಲು ಉಷ್ಣದ ವಿಚಾರವನ್ನು ನೋಡೋಣ. ನಮ್ಮ ಶರೀರದ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಶರೀರದೊಳಗೆ ಸದಾ ಹುಟ್ಟುವ ಉಷ್ಣವು ಚರ್ಮದ ಮೂಲಕವೂ ಬೆವರು ಆವಿಯಾಗುವುದರಿಂದಲೂ ಹೊರಹೋಗುತ್ತದೆ. 40 ಡಿಗ್ರಿಯ ನೀರಿನಲ್ಲಿ ಮುಳುಗಿದಾಗ ಈ ಎರಡು ದಾರಿಗಳೂ ಮುಚ್ಚುತ್ತವೆ. ನೀರಿನೊಳಗೆ ಬೆವರು ಆರದು. ಮೇಲಾಗಿ ನೀರಿನ ಉಷ್ಣವೇ ಒಳಕ್ಕೆ ಹರಿಯತೊಡಗುತ್ತದೆ.

ಉಷ್ಣವು ಒಳಬರುವುದು ಚರ್ಮದ ವಿಸ್ತೀರ್ಣಕ್ಕೆ ಅನುಗುಣವಾಗಿ. ಅದನ್ನು ತಡೆದುಕೊಳ್ಳುವುದು ಶರೀರದ ದ್ರವ್ಯರಾಶಿ. 60 ಕಿಲೋಗ್ರಾಂ ತೂಗುವ ವಯಸ್ಕನ ಚರ್ಮ ಸುಮಾರು 1.65 ಚದರ ಮೀಟರ್. 15 ಕಿಲೋಗ್ರಾಂ ತೂಗುವ ಮಗುವಿನದು ಸುಮಾರು 0.65 ಚದರ ಮೀಟರ್. ಎಂದರೆ, ಮಗುವಿನ ಪ್ರತಿ ಕಿಲೋಗ್ರಾಮಿಗೆ ವಯಸ್ಕನ ಒಂದೂವರೆ ಪಟ್ಟು ಚರ್ಮವಿದೆ. ಚೊಂಬಿನ ನೀರು ಹಂಡೆಯ ನೀರಿಗಿಂತ ಬೇಗ ಕಾಯುವಂತೆ ಮಗುವಿನ ಮೈಯೂ ಬೇಗ ಕಾಯುತ್ತದೆ. ಆಗ ರಕ್ತನಾಳಗಳು ಹಿಗ್ಗಿ, ರಕ್ತದ ಒತ್ತಡ ಇಳಿದು, ತಲೆ ಸುತ್ತುವುದು, ಮಂಪರು ಕವಿಯುವುದು. ಮಂಪರಿನ ಮಗು ಸದ್ದಿಲ್ಲದೆ ನೀರಿಗೆ ಜಾರಬಹುದು. ಆದುದರಿಂದಲೇ ನೀರಿನ ಉಷ್ಣತೆ 40 ಡಿಗ್ರಿಯನ್ನು ಮೀರಕೂಡದೆಂದೂ, 5 ವರ್ಷದೊಳಗಿನ ಮಕ್ಕಳನ್ನು ಈ ತೊಟ್ಟಿಗೆ ಇಳಿಸಲೇಬಾರದೆಂದೂ ಅಲ್ಲಿನ ಆರೋಗ್ಯಾಧಿಕಾರಿಗಳು ಹೇಳುತ್ತಾರೆ.

ಎರಡನೆಯದು ಒತ್ತಡದ ವಿಚಾರ. ಗಾಳಿಯನ್ನು ಹೊರತೆಗೆದ ಎರಡು ಲೋಹದ ಅರ್ಧಗೋಳಗಳನ್ನು ಕುದುರೆಗಳೂ ಎಳೆದು ಬೇರ್ಪಡಿಸಲಾರದೆ ಹೋದ, ಆಟೋ ಫಾನ್ ಗೆರಿಕೆಯ ಪ್ರಯೋಗವನ್ನು ವಿದ್ಯಾರ್ಥಿಗಳು ಓದಿರಬಹುದು. ವಾತಾವರಣವು ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು ಒಂದು ಕಿಲೋಗ್ರಾಂ ತೂಕದಷ್ಟು ಬಲವನ್ನು ಹೇರುತ್ತದೆ. 20 ಸೆಂಟಿಮೀಟರ್ ವ್ಯಾಸದ ಕಂಡಿಯ ವಿಸ್ತೀರ್ಣ 314 ಚದರ ಸೆಂಟಿಮೀಟರ್. ಮಗುವಿನ ಮೈ ಅದನ್ನು ಪೂರ್ತಿಯಾಗಿ ಮುಚ್ಚಿತೆನ್ನೋಣ. ಪಂಪು ಹೀರುತ್ತಲೇ ಇದ್ದು, ಕಂಡಿಯ ಹಿಂದಿನ ಒತ್ತಡ ವಾತಾವರಣದ ಅರ್ಧದಷ್ಟು ತಗ್ಗಿದರೆ, ಮಗುವನ್ನು ಅದುಮಿ ಹಿಡಿಯುವ ಬಲ ಸುಮಾರು 157 ಕಿಲೋಗ್ರಾಂ ತೂಕದಷ್ಟಾಗುತ್ತದೆ!

ಇದು ಬರಿಯ ಲೆಕ್ಕವಲ್ಲ. 2002ರ ಜೂನ್ ತಿಂಗಳಿನಲ್ಲಿ ಅಮೆರಿಕದ ವರ್ಜೀನಿಯಾ ಸಂಸ್ಥಾನದಲ್ಲಿ ಏಳು ವರ್ಷದ ಬಾಲಿಕೆಯೊಬ್ಬಳು ಇಂತಹ ಕಂಡಿಗೆ ಸಿಕ್ಕಿಕೊಂಡಳು. ಅವಳಿಗೆ ಈಜು ಬರುತ್ತಿತ್ತು. ತಾಯಿ ಎಷ್ಟು ಎಳೆದರೂ ಬಿಡಿಸಲಾಗಲಿಲ್ಲ. ಇಬ್ಬರು ಗಂಡಸರು ಎಳೆದಾಗ ಕಂಡಿಯ ಮುಚ್ಚಳವೇ ಮುರಿಯಿತು. ಆದರೆ ಬಾಲಿಕೆ ಉಳಿಯಲಿಲ್ಲ. ಆ ತಾಯಿಯ ಪ್ರಯತ್ನದ ಫಲವಾಗಿ 2007ರ ಡಿಸೆಂಬರಿನಲ್ಲಿ ‘ವರ್ಜೀನಿಯಾ ಗ್ರೇಮ್ ಬೇಕರ್ ಈಜುಕೊಳ ಮತ್ತು ಸ್ಪಾ ಸುರಕ್ಷತಾ ಕಾಯಿದೆ’ ಅಂಗೀಕಾರವಾಯಿತು. ಆ ಹೆಸರು ಬಾಲಿಕೆಯದೇ. ಮೈ ಅಂಟಿಕೊಂಡು ಮುಚ್ಚಿಹೋಗದಂತಹ ಮುಚ್ಚಳಗಳನ್ನೇ ಮಾರಬೇಕೆಂದು ಅದು ವಿಧಿಸಿತು. ದೂರದೂರ ಎರಡು ಕಂಡಿಗಳಿದ್ದರೆ ಇನ್ನೂ ಕ್ಷೇಮ. ಒಂದು ಮುಚ್ಚಿದರೂ ಪಂಪಿಗೆ ಇನ್ನೊಂದರಿಂದ ನೀರು ದೊರೆಯುವುದರಿಂದ ಹೀರಿಕೆ ಬೆಳೆಯದು. ಆದರೆ ಕಾಯಿದೆಯ ಕಟ್ಟುಪಾಡು ಮುಖ್ಯವಾಗಿ ಸಾರ್ವಜನಿಕ ಕೊಳಗಳಿಗೆ. ಮನೆಯ ಹಳೆಯ ತೊಟ್ಟಿಯ ಹೊಣೆ ಮನೆಯವರದೇ.

ಇನ್ನು ಉಪಾಯಗಳು ತಾವಾಗಿಯೇ ಹೊಳೆಯುತ್ತವೆ. ಕಂಡಿಯ ಮುಚ್ಚಳ ಒಡೆದಿದ್ದರೆ ತೊಟ್ಟಿಗೆ ಯಾರೂ ಇಳಿಯಕೂಡದು. ಉದ್ದ ಕೂದಲು ಕಂಡಿಗೆ ಸುತ್ತಿಕೊಳ್ಳದಂತೆ ಬಿಗಿಯಾಗಿ ಕಟ್ಟಿರಬೇಕು. ಪಂಪಿನ ಸ್ವಿಚ್ಚು ಎಲ್ಲಿದೆಯೆಂದು ಮನೆಯವರೆಲ್ಲರೂ ಅರಿತಿರಬೇಕು. ಯಾರಾದರೂ ಸಿಕ್ಕಿಕೊಂಡರೆ ಮೊದಲು ಪಂಪನ್ನು ನಿಲ್ಲಿಸಬೇಕು, ಏಕೆಂದರೆ ವಾತಾವರಣದೊಡನೆ ತೋಳ್ಬಲ ಸೆಣಸಲಾರದು. ಬಳಕೆಯಿಲ್ಲದಾಗ ತೊಟ್ಟಿಗೆ ಗಟ್ಟಿಯಾದ ಮುಚ್ಚಳವನ್ನು ಹಾಕಿ ಬೀಗ ಹಾಕಬೇಕು. ನೊರೆಯೆದ್ದ ನೀರಿನಲ್ಲಿ ತಳ ಕಾಣದು, ಪಂಪಿನ ಸದ್ದಿನಲ್ಲಿ ಕೂಗು ಕೇಳದು. ಆದುದರಿಂದ ಮಕ್ಕಳು ನೀರಿನಲ್ಲಿರುವಷ್ಟು ಹೊತ್ತು ಹಿರಿಯರೊಬ್ಬರು ಕೈಗೆಟುಕುವಷ್ಟು ಸಮೀಪದಲ್ಲಿಯೇ ಇರತಕ್ಕದ್ದು.