ಮನೆಯೇ ಪಾಠಶಾಲೆಯಾದಾಗ ಕೇಳಿಬರುವ ಮಾತುಗಳು

ಕಳೆದ ವರ್ಷದ ಒಂದು ಭಾನುವಾರ. ದಿವ್ಯಬಲಿಪೂಜೆ ಮುಗಿದು ಜನರೆಲ್ಲ ಚದುರಿದ ಮೇಲೆ ತರುಣ ದಂಪತಿಗಳು ದೇವಾಲಯದ ಜಗಲಿಯಲ್ಲಿ ನನಗಾಗಿ ಕಾದು ನಿಂತಿದ್ದರು. ತಮ್ಮ ಇಬ್ಬರು ಮಕ್ಕಳನ್ನು ಶಾಲೆಯಿಂದ ಬಿಡಿಸಿ ಮನೆಯಲ್ಲೇ ಪಾಠ ಹೇಳತೊಡಗಿ ಅವರಿಗೆ ವರ್ಷವಾಗಿತ್ತು. "ಫಾದರ್, ಮಕ್ಕಳೇನೋ ಚೆನ್ನಾಗಿ ಕಲಿಯುತ್ತಿದ್ದಾರೆ. ಜನರ ಮಾತು ತಡೆದುಕೊಳ್ಳಲಾಗುತ್ತಿಲ್ಲ. ನಮ್ಮ ಅತ್ತೆಯವರು ಮಾತೇ ಬಿಟ್ಟಿದ್ದಾರೆ. ಏನು ಉತ್ತರ ಕೊಡಬೇಕು, ಹೇಳಿ" ಎಂದು ಆ ತಾಯಿ ಕೇಳಿದರು. ಅಂದು ನಾನು ಹೇಳಿದ್ದು ಅರೆಬರೆ ಉತ್ತರ. ಅನಂತರ ಯೋಚಿಸಿದ್ದನ್ನು ವಾಚಕರ ಮುಂದಿಡುತ್ತಿದ್ದೇನೆ.

ಮಕ್ಕಳಿಗೆ ತಂದೆತಾಯಿಗಳೇ ಮೊದಲ ಗುರುಗಳೆಂಬುದು ಧರ್ಮಸಭೆಯ ಸ್ಪಷ್ಟ ಬೋಧನೆ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೊರಡಿಸಿದ ಕ್ರೈಸ್ತ ಶಿಕ್ಷಣದ ಘೋಷಣೆಯೂ 1983ರ ಧರ್ಮಸಭಾ ಕಾನೂನು ಸಂಹಿತೆಯೂ ಇದನ್ನು ಎತ್ತಿಹಿಡಿಯುತ್ತವೆ. ಆದರೆ ಅದೇ ಸಂಹಿತೆಯು ಶಾಲೆಯನ್ನು ಪಾಲಕರಿಗೆ ಒದಗುವ ಮುಖ್ಯ ನೆರವೆಂದು ಗೌರವಿಸುತ್ತದೆ. ಉಪಾಧ್ಯಾಯರೊಡನೆ ಸಹಕರಿಸಬೇಕೆಂದೂ ಹೇಳುತ್ತದೆ. ಆದುದರಿಂದ "ನಮ್ಮ ಮಕ್ಕಳು, ನಮ್ಮ ಇಷ್ಟ" ಎಂಬ ಉತ್ತರಕ್ಕೆ ಧರ್ಮಸಭೆಯ ಆಸರೆಯಿಲ್ಲ.

ಹಾಗಾದರೆ ಉತ್ತರಿಸುವುದು ಹೇಗೆ? ಗುರುಮಠದಲ್ಲಿ ನಾವು ಸಂತ ತೋಮಸ್ ಅಕ್ವಿನಾಸರನ್ನು ಓದುವಾಗ ಅವರ ಕ್ರಮವೊಂದು ನಮ್ಮನ್ನು ಬೆರಗುಗೊಳಿಸುತ್ತಿತ್ತು. ಯಾವ ಪ್ರಶ್ನೆಯನ್ನೆತ್ತಿದರೂ ಅವರು ಮೊದಲು ಬರೆಯುವುದು ತಮಗೆ ವಿರುದ್ಧವಾದ ವಾದಗಳನ್ನು. ತಮ್ಮ ನಿಲುವನ್ನು ಹೇಳುವುದು ಆಮೇಲೆ. ಕೊನೆಗೆ ಒಂದೊಂದು ಆಕ್ಷೇಪಕ್ಕೂ ಪ್ರತ್ಯೇಕ ಸಮಾಧಾನ ನೀಡುತ್ತಾರೆ. ಆಕ್ಷೇಪಿಸುವವನ ಮಾತಿನಲ್ಲಿ ಸತ್ಯದ ಅಂಶವಿದ್ದರೆ ಅದನ್ನು ಒಪ್ಪಿಕೊಳ್ಳುವುದಕ್ಕೆ ಅವರು ಅಂಜುವುದಿಲ್ಲ. ಮನೆಯಲ್ಲಿ ಕಲಿಸುವ ಪೋಷಕರಿಗೂ ಈ ಕ್ರಮವೇ ಲೇಸು.

ಮೊದಲನೆಯ ಆಕ್ಷೇಪ: "ಶಾಲೆಗೆ ಕಳುಹಿಸದಿರುವುದು ಅನ್ಯಾಯ." ಈ ಮಾತು ಕೋಲಾರ ಸೀಮೆಯಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಶಾಲೆ ಬಿಟ್ಟ ಮಗು ಎಂದರೆ ಬಹುಕಾಲ ನಮ್ಮಲ್ಲಿ ಮಾಲೂರಿನ ಇಟ್ಟಿಗೆ ಗೂಡಿನಲ್ಲೋ, ರೇಷ್ಮೆಹುಳು ಸಾಕುವ ಮನೆಯಲ್ಲೋ, ಮುಳಬಾಗಿಲಿನ ಕಡೆ ಕುರಿಮಂದೆಯ ಹಿಂದೆಯೋ, ಶ್ರೀನಿವಾಸಪುರದ ಮಾವಿನ ತೋಪಿನಲ್ಲೋ ದುಡಿಯುವ ಮಗು ಎಂದೇ ಅರ್ಥ. ಮನೆಬಾಗಿಲಿಗೆ ಬಂದು "ಮಗು ಏಕೆ ಶಾಲೆಗೆ ಬರುತ್ತಿಲ್ಲ?" ಎಂದು ಕೇಳುವ ಸರ್ಕಾರಿ ಶಾಲೆಯ ಮೇಷ್ಟ್ರು ಅಂಥ ಮಗುವನ್ನೇ ಹುಡುಕಿಕೊಂಡು ಬಂದವರು. ಅವರ ಮೇಲೆ ಸಿಟ್ಟಾಗಬೇಡಿ. ಒಳಗೆ ಕರೆದು ಕುಳ್ಳಿರಿಸಿ, ಮಕ್ಕಳ ಪುಸ್ತಕಗಳನ್ನು ಅವರ ಮುಂದಿಡಿ.

ಎರಡನೆಯದು ಕಾನೂನಿನ ಆಕ್ಷೇಪ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯ 10ನೆಯ ಪ್ರಕರಣವು 6ರಿಂದ 14 ವರ್ಷದ ಮಕ್ಕಳನ್ನು ನೆರೆಯ ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯವೆಂದು ಹೇಳುತ್ತದೆ. ತಪ್ಪಿದ ಪಾಲಕರಿಗೆ ಅದು ದಂಡವನ್ನೇನೂ ವಿಧಿಸಿಲ್ಲ. ದಂಡವಿಲ್ಲವೆಂದ ಮಾತ್ರಕ್ಕೆ ಕರ್ತವ್ಯವಿಲ್ಲವೆಂದಾಗದು. ಮನೆಪಾಠವನ್ನು ಆರಿಸಿಕೊಂಡವರು ಈ ತೊಡಕನ್ನು ಅರಿತೇ ಹೆಜ್ಜೆಯಿಡಬೇಕು. ಬಂಧುಗಳಿಂದ ಮರೆಮಾಚಲೂ ಬಾರದು. ಸಮಾಧಾನದ ಸಂಗತಿಗಳೂ ಉಂಟು. ವಯಸ್ಸಿಗೆ ತಕ್ಕ ತರಗತಿಗೆ ಮಗುವನ್ನು ಸೇರಿಸಿಕೊಳ್ಳಬೇಕೆಂದು ಅದೇ ಕಾಯಿದೆ ಹೇಳುವುದರಿಂದ ಶಾಲೆಗೆ ಮರಳುವ ಬಾಗಿಲು ತೆರೆದೇ ಇದೆ. 14 ವರ್ಷ ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಹತ್ತನೆಯ ತರಗತಿಗೆ ಸಮಾನವಾದ ಪರೀಕ್ಷೆಗೆ ಕೂರಬಹುದು.

ಮೂರನೆಯ ಆಕ್ಷೇಪ ಅಜ್ಜಿಯಂದಿರದು: "ಒಂಟಿಯಾಗಿ ಬೆಳೆದ ಮಗು ನಾಳೆ ಜನರೊಡನೆ ಹೇಗೆ ಬಾಳೀತು?" 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಮಕ್ಕಳು ಗೆಳೆಯರಿಗಾಗಿ ಹಂಬಲಿಸಿದ್ದನ್ನು ಕಂಡ ನಾವು ಈ ಮಾತನ್ನು ತಳ್ಳಿಹಾಕಲಾರೆವು. ಇದಕ್ಕೆ ವಾದದಿಂದ ಉತ್ತರ ಸಿಗದು. ಭಾನುವಾರದ ಧರ್ಮೋಪದೇಶ ತರಗತಿ, ಪೂಜಾ ಸಹಾಯಕರ ಬಳಗ, ಸಂಜೆಯ ಬಯಲಾಟ ಇವುಗಳಿಗೆ ಮಗುವನ್ನು ತಪ್ಪದೆ ಕಳುಹಿಸುವುದೇ ಉತ್ತರ.

ದೊಡ್ಡವರ ಉದಾಹರಣೆ ಕೊಡುವುದು ಅನೇಕ ಪೋಷಕರ ರೂಢಿ. ಶಿವರಾಮ ಕಾರಂತರು ತಮ್ಮ ಮಗ ಉಲ್ಲಾಸರನ್ನು ಎಳವೆಯಲ್ಲಿ ಶಾಲೆಗೆ ಕಳುಹಿಸದೆ ಮನೆಯಲ್ಲೇ ಕಲಿಸಿದರು; ಆ ಮಗ ಮುಂದೆ ಹುಲಿಗಳ ಅಧ್ಯಯನದಿಂದ ಲೋಕಪ್ರಸಿದ್ಧರಾದರು. 1997ರಲ್ಲಿ ಧರ್ಮಸಭೆಯ ಪಂಡಿತರ ಸಾಲಿಗೆ ಸೇರಿದ ಲಿಸಿಯೂದ ಸಂತ ತೆರೇಸಳು ಎಂಟೂವರೆ ವರ್ಷದವರೆಗೆ ಅಕ್ಕಂದಿರಿಂದ ಮನೆಯಲ್ಲೇ ಕಲಿತಳು. ಅನಂತರ ಸೇರಿದ ಕನ್ಯಾಮಠದ ಶಾಲೆ ಅವಳಿಗೆ ಒಗ್ಗಲಿಲ್ಲ. 1886ರಲ್ಲಿ ತಂದೆ ಅವಳನ್ನು ಬಿಡಿಸಿ ಮನೆಪಾಠದ ಏರ್ಪಾಡು ಮಾಡಿದರು. ಇವೆಲ್ಲ ನಿಜ. ಆದರೆ ಕಾರಂತರು ನಾಡಿನ ಮಕ್ಕಳಿಗಾಗಿ 'ಬಾಲ ಪ್ರಪಂಚ'ವನ್ನೇ ಬರೆದವರು. ನಮ್ಮ ಮನೆಯಲ್ಲಿ ಅಂಥ ಸಿದ್ಧತೆ ಎಷ್ಟಿದೆ? ದಿನಕ್ಕೆ ಎಷ್ಟು ಗಂಟೆ ಕೊಡಬಲ್ಲೆವು? ಗಣಿತವನ್ನು ಯಾರು ಕಲಿಸುವರು? ಈ ಪ್ರಶ್ನೆಗಳನ್ನು ಟೀಕಾಕಾರರು ಕೇಳುವ ಮೊದಲೇ ನಾವು ಕೇಳಿಕೊಂಡಿರಬೇಕು. ಉತ್ತರ ಸಿಗದಿದ್ದರೆ ಮಗುವನ್ನು ಶಾಲೆಗೆ ಮರಳಿಸುವುದರಲ್ಲಿ ಅವಮಾನವಿಲ್ಲ.

ಟೀಕಿಸುವವರಿಗೂ ಒಂದು ಮಾತು. ಆ ಮಕ್ಕಳ ಎದುರಿನಲ್ಲೇ "ಶಾಲೆ ಇಲ್ಲದವರು" ಎಂದು ನಗಬೇಡಿ. ಕೇಳಬೇಕಾದ್ದನ್ನು ತಂದೆತಾಯಿಗಳನ್ನೇ ಕೇಳಿ. ಕಾನ್ವೆಂಟ್ ಶಾಲೆಗಳಲ್ಲಿ ದುಡಿಯುತ್ತಿರುವ ಸಿಸ್ಟರ್‌ಗಳು ಮತ್ತು ಶಿಕ್ಷಕರು ಇದನ್ನು ತಮ್ಮ ಸೇವೆಗೆ ಬಂದ ನಿಂದೆಯೆಂದು ತಿಳಿಯಬಾರದು. ಆ ಪೋಷಕರೂ ಶಾಲೆಯನ್ನು ಹಳಿದು ತಮ್ಮ ನಿರ್ಧಾರವನ್ನು ಸಮರ್ಥಿಸಿಕೊಳ್ಳಬಾರದು.

ಮೊನ್ನೆ ಆ ದಂಪತಿಗಳು ಮತ್ತೆ ಸಿಕ್ಕಿದ್ದರು. ಅತ್ತೆಯವರೊಡನೆ ವಾದಿಸುವುದನ್ನು ಬಿಟ್ಟು, "ಅಮ್ಮಾ, ವಾರಕ್ಕೆರಡು ದಿನ ನೀವೇ ಪಾಠ ಮಾಡಿ" ಎಂದು ಕೇಳಿಕೊಂಡರಂತೆ. ಈಗ ಆ ಅಜ್ಜಿ ಮೊಮ್ಮಕ್ಕಳಿಗೆ ಬೇಸಾಯದ ಲೆಕ್ಕ ಹೇಳಿಕೊಡುತ್ತಾರೆ. ಜಪಸರದ ಹೊತ್ತಿಗೆ ಬೈಬಲ್ಲಿನ ಕಥೆ ಹೇಳುತ್ತಾರೆ. "ಶಾಲೆಗೇ ಕಳುಹಿಸಿ" ಎನ್ನುವುದನ್ನು ಅವರಿನ್ನೂ ನಿಲ್ಲಿಸಿಲ್ಲವಂತೆ. ಆದರೆ ಈಗ ಅದನ್ನು ಊಟಕ್ಕೆ ಜೊತೆಯಲ್ಲಿ ಕುಳಿತು ಹೇಳುತ್ತಾರೆ ಎಂದು ಸೊಸೆ ನಗುತ್ತ ತಿಳಿಸಿದರು.